ಮೂರು ಸಾವಿರದ ಕೀಪರ್ ಗ್ಲೌಸ್: ಹಾಸನದ ಮಣ್ಣಲ್ಲಿ ಎಷ್ಟು ತಾಳುತ್ತೆ, ಹೋದ ಫಾರ್ಮ್‌ಗೆ ಎಷ್ಟು ಉಪಯೋಗ

ಅಂಗೈಗೆ ಕಾಂಟ್ಯಾಕ್ಟ್ ಲೇಟೆಕ್ಸ್, ಅಂದ್ರೆ ಚೆಂಡಿಗೆ ಅಂಟಿಕೊಳ್ಳೋ ಮೃದು ರಬ್ಬರ್ ನೊರೆ ಹಾಕಿರೋ, ಎರಡೂವರೆ ಮೂರು ಸಾವಿರ ರೂಪಾಯಿ ಆಸುಪಾಸಿನ ಗೋಲ್‌ಕೀಪರ್ ಗ್ಲೌಸ್ ಬಗ್ಗೆ ಈ ವಿಮರ್ಶೆ. ಒಂದು ಕಂಪನಿಯ ಒಂದು ಮಾಡೆಲ್ ಹಿಡಿದು ಬರೆಯೋದಕ್ಕಿಂತ, ಆ ದರ್ಜೆಯ ಗ್ಲೌಸ್ ನಮ್ಮ ಕಡೆ ಮೈದಾನದಲ್ಲಿ ಎಲ್ಲಿ ಕೈಹಿಡಿಯುತ್ತೆ, ಎಲ್ಲಿ ಕೈಕೊಡುತ್ತೆ ಅಂತ ಹೇಳಿದ್ರೆ ಹೆಚ್ಚು ಜನಕ್ಕೆ ಅನುಕೂಲ. ದೊಡ್ಡ ಕಂಪನಿಗಳು ಒಂದೇ ಹೆಸರಿನ ಗ್ಲೌಸನ್ನ ಮೂರು ನಾಲ್ಕು ದರ್ಜೆಯಲ್ಲಿ ಬಿಡುತ್ತವೆ. ಬಣ್ಣ ಅದೇ, ಲೋಗೋ ಅದೇ, ಅಂಗೈ ಮಾತ್ರ ಬೇರೆ. ಟೀವಿಯಲ್ಲಿ ಕಂಡ ಕೀಪರ್ ಹಾಕಿರೋದು ಮೇಲಿನ ದರ್ಜೆಯದು. ಅದೇ ಅಂದ್ಕೊಂಡು ಹುಡುಗರು ಕೊಂಡು ತರೋದು ಬಹಳ ಸಲ ತಳದ ದರ್ಜೆಯದು. ಹೆಸರು ನೋಡಿ ತಗೋಬೇಡಿ, ಅಂಗೈಗೆ ಯಾವ ಲೇಟೆಕ್ಸ್, ಎಷ್ಟು ಎಂಎಂ ಅಂತ ನೋಡಿ ತಗೊಳ್ಳಿ.

ತೀರ್ಪು ಮೊದಲೇ ಹೇಳಿಬಿಡ್ತೀವಿ. ಹಿಡಿತ ಬಹಳ ಚೆನ್ನಾಗಿದೆ. ಬಾಳಿಕೆ ಕಮ್ಮಿ. ಮಲೆನಾಡಿನ ಮಳೆಗಾಲದಲ್ಲಿ ಆರೈಕೆ ಜಾಸ್ತಿ ಕೇಳುತ್ತೆ. ವಾರಕ್ಕೊಂದು ಮ್ಯಾಚ್ ಆಡೋ ಕೀಪರ್‌ಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ದಿನಾ ಪ್ರಾಕ್ಟೀಸ್‌ಗೂ ಇದನ್ನೇ ಹಾಕ್ಕೊಂಡ್ರೆ ಒಂದೇ ಸೀಸನ್‌ಗೆ ಅಂಗೈ ಹರಿದು ಕೈಗೆ ಬರುತ್ತೆ. ಫಾರ್ಮ್ ಹೋಗಿದೆ, ಹೊಸ ಗ್ಲೌಸ್ ಹಾಕಿದ್ರೆ ಸರಿ ಹೋಗುತ್ತೆ ಅಂತ ತಗೊಳ್ಳೋರಿದ್ದರೆ, ಅವರಿಗಾಗಿಯೇ ಕೆಳಗೆ ಸ್ವಲ್ಪ ಉದ್ದ ಬರೆದಿದೆ.

ಕೀಪರ್ ಗೋಲು ಬಿಟ್ಟ ಕೂಡಲೇ ಎಲ್ಲರ ಕಣ್ಣು ಹೋಗೋದು ಅವನ ಕೈಗೆ. ಹಾಸನ, ಚಿಕ್ಕಮಗಳೂರಿನ ಫುಟ್‌ಬಾಲ್ ಹುಡುಗರಿಗೆ ಭಾರತ ತಂಡದ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ದೂರದವರಲ್ಲ. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದು ವರ್ಷಗಟ್ಟಲೆ ಕಂಠೀರವದಲ್ಲಿ ಆಡಿದವರು, ರೈಲು ಹತ್ತಿ ಹೋಗಿ ಅವರನ್ನ ಕಣ್ಣಾರೆ ನೋಡಿ ಬಂದವರು ಇಲ್ಲಿದ್ದಾರೆ. ಹಾಗಾಗಿ ಅವರ ಫಾರ್ಮ್ ಬಗ್ಗೆ ವಾದ ಎದ್ದರೆ ಇಲ್ಲಿ ಮನೆಯವರ ವಿಷಯ ಮಾತಾಡಿದಷ್ಟೇ ಬಿಸಿ. 2024ರ ನವೆಂಬರ್ 18ರಂದು ಹೈದರಾಬಾದ್‌ನಲ್ಲಿ ಮಲೇಷ್ಯಾ ವಿರುದ್ಧ ಭಾರತದ ಮ್ಯಾಚ್‌ನ 19ನೇ ನಿಮಿಷ. ಹಿಂದಿನಿಂದ ಉದ್ದಕ್ಕೆ ಬಂದ ಚೆಂಡಿಗೆ ಗುರ್‌ಪ್ರೀತ್ ಗೋಲಿನ ಮುಂದಿನ ಬಾಕ್ಸ್ ಬಿಟ್ಟು ಓಡಿ ಬಂದರು, ಚೆಂಡು ಸಿಗಲಿಲ್ಲ, ಮಲೇಷ್ಯಾದ ಪಾವ್ಲೊ ಜೊಸುಎ ಖಾಲಿ ಗೋಲಿಗೆ ತಳ್ಳಿದರು. ರಾಹುಲ್ ಭೆಕೆ 39ನೇ ನಿಮಿಷಕ್ಕೆ ಸಮ ಮಾಡಿದರು, ಮ್ಯಾಚ್ 1-1. ಆ ವರ್ಷ ಪೂರ್ತಿ ಭಾರತಕ್ಕೆ ಒಂದು ಗೆಲುವೂ ಇರಲಿಲ್ಲ. ವರ್ಷದ ಸಿಟ್ಟೆಲ್ಲ ಒಟ್ಟಾಗಿ ಕೀಪರ್ ತಲೆ ಮೇಲೆ ಬಿತ್ತು. ಪೇಪರ್, ಯೂಟ್ಯೂಬ್, ಟೀ ಅಂಗಡಿ ಎಲ್ಲ ಕಡೆ ‘ಮುಗೀತು ಇವರ ಕಾಲ’ ಅನ್ನೋ ಮಾತು. 2025ರ ಮಾರ್ಚ್ ತಂಡದಲ್ಲಿ ಅವರ ಹೆಸರಿರಲಿಲ್ಲ.

ಆ ಜಾಗಕ್ಕೆ ಬಂದವರು ವಿಶಾಲ್ ಕೈತ್. ಮೋಹನ್ ಬಗಾನ್ ಪರ 2024-25ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೋಲ್ಡನ್ ಗ್ಲವ್, ಅಂದ್ರೆ ಅತ್ಯುತ್ತಮ ಕೀಪರ್ ಪ್ರಶಸ್ತಿ ಗೆದ್ದವರು. ಮಾರ್ಚ್ 25ರಂದು ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಆಟ ಶುರುವಾಗಿ ಉಸಿರು ಬಿಡೋದರೊಳಗೆ ಅವರು ಒದ್ದ ಚೆಂಡು ನೇರ ಎದುರಾಳಿಯ ಕಾಲಿಗೆ ಹೋಯ್ತು. ಗೋಲಾಗಲಿಲ್ಲ, ಮ್ಯಾಚ್ 0-0 ಆಯ್ತು, ಆದರೆ ಮಾರನೇ ದಿನದಿಂದ ವಾದ ತಿರುಗಿ ನಿಂತಿತು. ಖಾಲಿದ್ ಜಮೀಲ್ ಭಾರತದ ಕೋಚ್ ಆದ ಮೇಲೆ ಆಗಸ್ಟ್ ಕೊನೆಗೆ ಮಧ್ಯ ಏಷ್ಯಾದ ಸಿಎಎಫ್‌ಎ ನೇಷನ್ಸ್ ಕಪ್‌ನಲ್ಲಿ ಮತ್ತೆ ಗುರ್‌ಪ್ರೀತ್. ತಜಿಕಿಸ್ತಾನ್ ವಿರುದ್ಧ ಪೆನಾಲ್ಟಿ ತಡೆದರು, ಭಾರತ 2-1ಕ್ಕೆ ಗೆದ್ದಿತು. ಸೆಪ್ಟೆಂಬರ್ 8ರಂದು ಮೂರನೇ ಸ್ಥಾನಕ್ಕೆ ಒಮಾನ್ ಜೊತೆ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಕೊನೆಯ ಹೊಡೆತ ತಡೆದು ಮ್ಯಾಚ್ ಮುಗಿಸಿದ್ದೂ ಅವರೇ. ಹತ್ತು ತಿಂಗಳೊಳಗೆ ಅದೇ ಮನುಷ್ಯ, ಅದೇ ಕೈ.

ಗ್ಲೌಸ್ ವಿಮರ್ಶೆಗೆ ಇದೆಲ್ಲ ಯಾಕೆ ಅಂದ್ರೆ, ಹೈದರಾಬಾದ್‌ನಲ್ಲೂ ಶಿಲ್ಲಾಂಗ್‌ನಲ್ಲೂ ತಪ್ಪಾಗಿದ್ದು ಕೈಯಿಂದಲ್ಲ. ಒಂದು ಕಡೆ ಹೊರಗೆ ಬರಬೇಕೋ ನಿಲ್ಲಬೇಕೋ ಅನ್ನೋ ಲೆಕ್ಕ ತಪ್ಪಿತು, ಇನ್ನೊಂದು ಕಡೆ ಕಾಲು ತಪ್ಪಿತು. ಆದರೂ ಚರ್ಚೆ ನಡೆದಿದ್ದು ‘ಕೈ ಮೊದಲಿನ ಹಾಗಿಲ್ಲ, ರಿಫ್ಲೆಕ್ಸ್ ಹೋಗಿದೆ’ ಅಂತ. ಇದಕ್ಕೆ ಒಂದು ಕಾರಣ ಟೀವಿ ಕ್ಯಾಮೆರಾ. ಅದು ಚೆಂಡಿನ ಹಿಂದೆ ಹೋಗುತ್ತೆ. ಚೆಂಡು ಹತ್ತಿರ ಬಂದಾಗ ಮಾತ್ರ ಕೀಪರ್ ಚೌಕಟ್ಟಿನೊಳಗೆ ಬರ್ತಾನೆ, ಅಷ್ಟರಲ್ಲಿ ಕಾಲಿನ ಕೆಲಸ ಎಲ್ಲ ಮುಗಿದಿರುತ್ತೆ. ಆಮೇಲೆ ಸ್ಲೋ ಮೋಶನ್‌ನಲ್ಲಿ ನಾಲ್ಕು ಸಲ ತೋರಿಸೋದು ಬೆರಳ ತುದಿಗೆ ತಾಗಿ ಒಳಗೆ ಹೋಗೋ ಚೆಂಡು. ನೋಡೋರಿಗೆ ಕೈ ಸೋತಿದ್ದು ಮಾತ್ರ ಕಾಣುತ್ತೆ. ಮನೆಯಲ್ಲಿ ಕೂತು ನೋಡಿದ ಹದಿನಾಲ್ಕು ವರ್ಷದ ಕೀಪರ್ ಕೂಡ ತನ್ನ ತಪ್ಪನ್ನ ಹಾಗೇ ಅರ್ಥ ಮಾಡಿಕೊಳ್ತಾನೆ, ಅಪ್ಪನ ಹತ್ರ ಗ್ಲೌಸ್‌ಗೆ ದುಡ್ಡು ಕೇಳ್ತಾನೆ.

ಈಗ ಗ್ಲೌಸ್ ವಿಷಯಕ್ಕೆ ಬರೋಣ. ಅಂಗೈ ಅಂದ್ರೆ ಎರಡು ಪದರ. ಮೇಲೆ ಚೆಂಡು ತಾಗೋ ಲೇಟೆಕ್ಸ್ ನೊರೆ, ಕೆಳಗೆ ಮೆತ್ತನೆ ಸ್ಪಂಜು. ಈ ದರ್ಜೆಯಲ್ಲಿ ಸಾಮಾನ್ಯವಾಗಿ ಲೇಟೆಕ್ಸ್ 4 ಎಂಎಂ, ಸ್ಪಂಜು 3 ಎಂಎಂ. ಐನೂರು ಆರುನೂರರ ಗ್ಲೌಸ್‌ನಲ್ಲಿ ಲೇಟೆಕ್ಸ್ ತೆಳು, ಗಟ್ಟಿ, ಮುಟ್ಟಿದರೆ ನುಣುಪು. ಅದು ಹಿಡಿಯಲ್ಲ, ಆದರೆ ಸವೆಯೋದೂ ಇಲ್ಲ. ಕಾಂಟ್ಯಾಕ್ಟ್ ಲೇಟೆಕ್ಸ್ ತದ್ವಿರುದ್ಧ. ಸ್ವಲ್ಪ ತೇವ ಮಾಡಿ ಎರಡು ಬೆರಳಿಂದ ಒತ್ತಿ ಎಳೆದರೆ ಚರ್ಮಕ್ಕೆ ಅಂಟಿಕೊಂಡು ಬಂದ ಹಾಗಾಗುತ್ತೆ. ಆ ಅಂಟು ಬರೋದು ನೊರೆಯ ಸಣ್ಣ ಸಣ್ಣ ರಂಧ್ರ ಮತ್ತು ಮೃದುತನದಿಂದ. ಯಾವ ಗುಣದಿಂದ ಹಿಡಿಯುತ್ತೋ ಅದೇ ಗುಣದಿಂದ ಸವೆಯುತ್ತೆ. ಬೇಗ ಹರಿದುಹೋಯ್ತು ಅಂತ ದೂರೋರು ಇದನ್ನ ತಿಳಿದಿರಬೇಕು. ಹರಿಯೋದು ಇದರ ಸ್ವಭಾವವೇ, ಕಳಪೆ ಮಾಲು ಅನ್ನೋದಕ್ಕೆ ಗುರುತಲ್ಲ.

ಎಲ್ಲಿ ಹರಿಯುತ್ತೆ ಅಂತ ನೋಡಿದ್ರೆ ತಪ್ಪು ಯಾರದು ಅಂತ ಗೊತ್ತಾಗುತ್ತೆ. ಚೆಂಡು ಹಿಡಿದು ಸವೆದ ಗ್ಲೌಸ್‌ನಲ್ಲಿ ಬೆರಳ ತುದಿ ಮತ್ತು ಹೆಬ್ಬೆರಳು ತೋರುಬೆರಳ ನಡುವಿನ ಜಾಗ ಒರಟಾಗಿರುತ್ತೆ. ನೆಲಕ್ಕೆ ಉಜ್ಜಿ ಸವೆದ ಗ್ಲೌಸ್‌ನಲ್ಲಿ ಅಂಗೈ ಬುಡ, ಮಣಿಕಟ್ಟಿನ ಹತ್ತಿರದ ದಿಬ್ಬ, ಚಕ್ಕೆ ಎದ್ದು ಒಳಗಿನ ಸ್ಪಂಜು ಇಣುಕುತ್ತೆ. ನಮ್ಮ ಕಡೆ ಬಹುತೇಕ ಎರಡನೇದೇ. ಡೈವ್ ಹೊಡೆದ ಮೇಲೆ ಅಂಗೈ ಊರಿ ಮೇಲೇಳೋ ಅಭ್ಯಾಸ ಇದಕ್ಕೆ ಕಾರಣ. ಹಾಸನದ ಮೈದಾನಗಳಲ್ಲಿ ಬೇಸಿಗೆಗೆ ಹುಲ್ಲು ಹೋಗಿ ಕೆಂಪು ಮಣ್ಣು, ಅದರ ಮೇಲೆ ಜಲ್ಲಿ ಪುಡಿಯಂಥ ಸಣ್ಣ ಕಲ್ಲು. ಅಂಗೈ ಊರಿ ಎದ್ದರೆ ಮೈ ಭಾರವೆಲ್ಲ ಆ ಕಲ್ಲಿನ ಮೇಲೆ. ಮುಷ್ಟಿ ಕಟ್ಟಿ, ಗೆಣ್ಣು ಊರಿ ಏಳೋದನ್ನ ಕಲಿತರೆ ಗ್ಲೌಸ್ ಬಾಳಿಕೆ ಕಣ್ಣಿಗೆ ಕಾಣೋ ಹಾಗೆ ಹೆಚ್ಚುತ್ತೆ. ಎಡಗೈ ಮಾತ್ರ ಬೇಗ ಸವೆದಿದ್ದರೆ ಕೀಪರ್ ಎಡಗೈ ಊರಿ ಏಳ್ತಾನೆ ಅಂತ ಲೆಕ್ಕ. ಕಾಫಿ ಕಣದ ಸಿಮೆಂಟ್ ಮೇಲೆ ಆಡೋರು ಈ ಗ್ಲೌಸ್ ಹಾಕ್ಕೊಳ್ಳಲೇಬಾರದು. ಒಂದು ಸಂಜೆ ಸಾಕು, ಅಂಗೈ ಸಿಪ್ಪೆ ಸುಲಿದ ಹಾಗಾಗುತ್ತೆ.

ಧೂಳು ಇನ್ನೊಂದು ಶತ್ರು. ಕೆಂಪು ಮಣ್ಣಿನ ಸಣ್ಣ ಪುಡಿ ನೊರೆಯ ರಂಧ್ರದಲ್ಲಿ ಕೂತುಬಿಟ್ಟರೆ ಮೂರು ಸಾವಿರದ ಗ್ಲೌಸೂ ಮುನ್ನೂರರ ಹಾಗೇ ಜಾರುತ್ತೆ. ಪರಿಹಾರ ಸುಲಭ. ಗೋಲ್ ಕಂಬದ ಹಿಂದೆ ಒಂದು ಬಾಟಲಿ ನೀರು, ಒಂದು ಸಣ್ಣ ಟವೆಲ್ ಇಟ್ಟುಕೊಳ್ಳಿ. ಆಟ ಶುರುವಾಗೋ ಮುಂಚೆ ಎರಡು ಅಂಗೈಗೂ ಒಂದೊಂದು ಗುಟುಕಿನಷ್ಟು ನೀರು ಹಾಕಿ, ಮೆಲ್ಲಗೆ ಒತ್ತಿ, ಹೆಚ್ಚಿನದನ್ನ ಟವೆಲ್‌ಗೆ ಒತ್ತಿ ತೆಗೀರಿ. ಒದ್ದೆಮುದ್ದೆ ಆಗಬಾರದು, ತೇವ ಇರಬೇಕು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಂತಾಗ ಮತ್ತೆ ಹಾಗೇ ಮಾಡಿ. ಎಂಜಲು ಉಗಿದು ಉಜ್ಜೋ ಅಭ್ಯಾಸ ಬಿಡಿ, ಅದರಿಂದ ಮಣ್ಣು ಹೋಗಲ್ಲ, ಮೆತ್ತಿಕೊಳ್ಳುತ್ತೆ. ಚಿಕ್ಕಮಗಳೂರಿನಲ್ಲಿ ನವೆಂಬರ್ ಡಿಸೆಂಬರ್ ಬೆಳಗಿನ ಮ್ಯಾಚ್‌ಗಳಿಗೆ ಇಷ್ಟೂ ಬೇಡ. ಹುಲ್ಲಿನ ಮೇಲಿನ ಇಬ್ಬನಿ ಇದ್ದಾಗ ಈ ಲೇಟೆಕ್ಸ್ ತನ್ನಷ್ಟಕ್ಕೆ ಚೆನ್ನಾಗಿ ಹಿಡಿಯುತ್ತೆ, ಇದರ ಅಸಲಿ ಗುಣ ಕಾಣೋದೇ ಆಗ.

ಜಡಿ ಮಳೆ ಬೇರೆ ಲೆಕ್ಕ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನದಲ್ಲಿ ನೀರು ನಿಂತಿರುತ್ತೆ, ಚೆಂಡಿನ ಮೇಲೆ ನೀರಿನ ಪದರ ಇರುತ್ತೆ. ಕಾಂಟ್ಯಾಕ್ಟ್ ಲೇಟೆಕ್ಸ್ ಒಂದು ಮಟ್ಟದವರೆಗೆ ನೀರು ಕುಡಿದು ಹಿಡಿಯುತ್ತೆ, ತುಂಬಿಕೊಂಡ ಮೇಲೆ ಹಿಡಿತ ಬಿಡುತ್ತೆ. ಅರ್ಧ ಗಂಟೆ ಮಳೆಯಲ್ಲಿ ಆಡಿದ ಮೇಲೆ ಗ್ಲೌಸ್ ಭಾರ ಆಗಿ ಮಣಿಕಟ್ಟು ಜಗ್ಗೋದು ಕೀಪರ್‌ಗೆ ಗೊತ್ತಾಗುತ್ತೆ. ಇದಕ್ಕೆ ಅಂತಲೇ ಅಕ್ವಾ ಅನ್ನೋ ಹೆಸರಲ್ಲಿ ಬೇರೆ ಲೇಟೆಕ್ಸ್ ಬರುತ್ತೆ. ನಮ್ಮ ಅಂಗಡಿಗಳಲ್ಲಿ ಸಿಗೋದು ಅಪರೂಪ, ತರಿಸಬೇಕು. ಮಳೆಯಲ್ಲಿ ಯಾವ ಗ್ಲೌಸ್ ಹಾಕಿದ್ದರೂ ನೇರ ಬಂದ ಜೋರು ಹೊಡೆತವನ್ನ ಹಿಡಿಯೋಕೆ ಹೋಗದೆ ಮುಷ್ಟಿಯಿಂದಲೋ ಅಂಗೈಯಿಂದಲೋ ಪಕ್ಕಕ್ಕೆ ತಳ್ಳಬೇಕು, ಮುಂದಕ್ಕೆ ಬಿಡಬಾರದು. ಎದೆಗಿಂತ ಕೆಳಗಿನ ಚೆಂಡಿಗೆ ಕೈ ಮಾತ್ರ ಸಾಲದು, ಮೊಣಕಾಲು, ಹೊಟ್ಟೆ ಹಿಂದೆ ಇರಬೇಕು.

ತೊಳೆಯೋದು, ಒಣಗಿಸೋದರಲ್ಲಿ ಹಾಳಾಗೋ ಗ್ಲೌಸ್‌ಗಳ ಸಂಖ್ಯೆ ಮೈದಾನದಲ್ಲಿ ಹಾಳಾಗೋದಕ್ಕಿಂತ ಕಮ್ಮಿಯೇನಿಲ್ಲ. ಹೊಸ ಜೋಡಿಯನ್ನ ಮೊದಲ ಮ್ಯಾಚ್‌ಗೆ ಹಾಗೇ ಹಾಕಬೇಡಿ. ತಯಾರಿಕೆ ವೇಳೆ ಉಳಿದ ರಾಸಾಯನಿಕ ಮೇಲೆ ಇರುತ್ತೆ, ಅದು ಜಾರುತ್ತೆ. ಉಗುರುಬೆಚ್ಚಗಿನ ನೀರು, ಅಂದ್ರೆ 30 ಡಿಗ್ರಿ ಮೀರದ ನೀರು, ಅದರಲ್ಲಿ ಗ್ಲೌಸ್ ಹಾಕ್ಕೊಂಡೇ ಕೈ ಅದ್ದಿ, ಎರಡೂ ಅಂಗೈ ಮೆಲ್ಲಗೆ ಉಜ್ಜಿ. ನೀರಿನಲ್ಲಿ ನೊರೆ ಏಳೋದು ನಿಲ್ಲೋವರೆಗೂ ನೀರು ಬದಲಿಸಿ. ಹಿಂಡಬೇಡಿ. ಬೆರಳ ತುದಿಯಿಂದ ಮಣಿಕಟ್ಟಿನ ಕಡೆ ಒತ್ತುತ್ತಾ ನೀರು ಇಳಿಸಿ. ಬಟ್ಟೆ ಹಿಂಡಿದ ಹಾಗೆ ತಿರುಚಿದರೆ ಲೇಟೆಕ್ಸ್ ಮತ್ತು ಸ್ಪಂಜಿನ ನಡುವಿನ ಅಂಟು ಬಿಡುತ್ತೆ, ಮುಂದಿನ ಮ್ಯಾಚ್‌ನಲ್ಲಿ ಅಂಗೈ ಚೀಲದ ಹಾಗೆ ಜೋಲುತ್ತೆ. ಬಟ್ಟೆ ಒಗೆಯೋ ಪೌಡರ್, ಸೋಪು, ಬ್ರಷ್ ಯಾವುದೂ ಬೇಡ. ತೀರ ಕೊಳೆಯಾಗಿದ್ದರೆ ಮಕ್ಕಳ ಶಾಂಪೂ ನಾಲ್ಕೈದು ಹನಿ.

ಒಣಗಿಸೋದು ನೆರಳಲ್ಲಿ, ಗಾಳಿ ಆಡೋ ಕಡೆ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಏನು ಒದ್ದೆಯಾದರೂ ಬಚ್ಚಲೊಲೆ ಮೇಲಿನ ಗಳಕ್ಕೆ ಹಾಕೋದು ರೂಢಿ. ಗ್ಲೌಸನ್ನ ಅಲ್ಲಿಗೆ ಹಾಕಿದರೆ ಎರಡೇ ದಿನಕ್ಕೆ ಲೇಟೆಕ್ಸ್ ಹಪ್ಪಳದ ಹಾಗೆ ಒಣಗಿ, ಬೆರಳು ಮಡಿಸಿದ ಕಡೆ ಬಿರುಕು ಬಿಡುತ್ತೆ. ಅದನ್ನ ಮತ್ತೆ ಮೆದು ಮಾಡೋಕೆ ಆಗಲ್ಲ. ಬಿಸಿಲೂ ಅಷ್ಟೇ ಕೆಟ್ಟದ್ದು. ಬೆರಳುಗಳೊಳಗೆ ಹಳೇ ಪೇಪರ್ ಉಂಡೆ ತುರುಕಿ, ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಫ್ಯಾನ್ ಕೆಳಗೆ ನೇತುಹಾಕಿ. ಒಣಗಿದ ಮೇಲೆ ಎರಡು ಅಂಗೈ ಎದುರುಬದುರು ಒತ್ತಿ ಇಡಬೇಡಿ, ಅಂಟಿಕೊಂಡು ಬಿಡಿಸುವಾಗ ಚಕ್ಕೆ ಎದ್ದು ಬರುತ್ತೆ. ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಹೊಸ ಗ್ಲೌಸ್ ಜೊತೆ ಬಂದ ಹಾಳೆಯನ್ನ ಅದಕ್ಕೇ ಎತ್ತಿಡಬೇಕು. ಮ್ಯಾಚ್ ಮುಗಿಸಿ ಬೂಟಿನ ಜೊತೆ ಬ್ಯಾಗಿನೊಳಗೆ ತುರುಕಿ ಸೋಮವಾರದವರೆಗೂ ಬಿಟ್ಟರೆ ಬೂಷ್ಟು ಹಿಡಿಯುತ್ತೆ, ಆ ವಾಸನೆ ಹೋಗೋದೇ ಇಲ್ಲ.

ಅಳತೆ. ಅಂಗೈಯ ಅತಿ ಅಗಲದ ಭಾಗಕ್ಕೆ, ಹೆಬ್ಬೆರಳು ಬಿಟ್ಟು, ಟೈಲರ್ ಟೇಪ್ ಸುತ್ತಿ ಇಂಚಿನಲ್ಲಿ ನೋಡಿ. ಬಂದ ಅಂಕಿಯನ್ನ ಮುಂದಿನ ಪೂರ್ಣ ಇಂಚಿಗೆ ಏರಿಸಿ, ಒಂದು ಸೇರಿಸಿ. ಏಳೂವರೆ ಬಂದರೆ ಎಂಟು, ಎಂಟಕ್ಕೆ ಒಂದು ಸೇರಿ 9ನೇ ಸೈಜ್. ಕೈ ಹಾಕಿದಾಗ ಬೆರಳ ತುದಿಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು. ಪೂರ್ತಿ ಬಿಗಿ ಇದ್ದರೆ ತುದಿಯ ಹೊಲಿಗೆ ಮೊದಲು ಬಿಡುತ್ತೆ. ಬೆಳೆಯೋ ಮಕ್ಕಳು ಅಂತ ಎರಡು ಸೈಜ್ ದೊಡ್ಡದು ಕೊಡಿಸೋದು ಅಪ್ಪ ಅಮ್ಮಂದಿರು ಮಾಡೋ ತಪ್ಪು. ಒಳಗೆ ಕೈ ತಿರುಗಿದರೆ ಚೆಂಡು ತಾಗಿದ ಕ್ಷಣಕ್ಕೆ ಗ್ಲೌಸ್ ಒಂದು ಕಡೆ, ಬೆರಳು ಒಂದು ಕಡೆ. ಹುಡುಗನ ಕೈ ಮೇಲೆ ತಪ್ಪು ಹೊರಿಸಿ ಬೈಯೋ ಎಷ್ಟೋ ಗೋಲುಗಳ ಹಿಂದೆ ಈ ಸಡಿಲ ಗ್ಲೌಸ್ ಇರುತ್ತೆ.

ಕಟ್‌ನಲ್ಲಿ, ಅಂದ್ರೆ ಬೆರಳು ಹೊಲಿದಿರೋ ರೀತಿಯಲ್ಲಿ, ಫ್ಲಾಟ್, ರೋಲ್, ನೆಗೆಟಿವ್ ಅಂತ ಮೂರು ಮುಖ್ಯ. ಫ್ಲಾಟ್‌ಗೆ ಅಗಲ ಜಾಸ್ತಿ, ಸ್ವಲ್ಪ ಸಡಿಲ. ರೋಲ್‌ನಲ್ಲಿ ಲೇಟೆಕ್ಸ್ ಬೆರಳ ಸುತ್ತ ಬಳಸಿರುತ್ತೆ, ಚೆಂಡಿಗೆ ತಾಗೋ ಜಾಗ ಹೆಚ್ಚು. ನೆಗೆಟಿವ್‌ನಲ್ಲಿ ಹೊಲಿಗೆ ಒಳಗೆ, ಕೈಗೆ ಅಂಟಿಕೊಂಡಂತೆ ಕೂರುತ್ತೆ, ಸಣ್ಣ ಕೈಯವರಿಗೆ ಒಳ್ಳೇದು. ಬೆರಳಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದ ಫಿಂಗರ್ ಸೇವ್ ಬಗ್ಗೆ ಮಾತ್ರ ಒಂದು ಮಾತು: ಬೆರಳು ಹಿಂದಕ್ಕೆ ಬಾಗದ ಹಾಗೆ ತಡೆಯೋದು ಹೌದು, ಆದರೆ ಚೆಂಡಿನ ಸುತ್ತ ಬೆರಳು ಮಡಿಸೋಕೂ ಅದು ಅಡ್ಡ. ಗಾಯ ಆಗಿ ವಾಸಿಯಾಗ್ತಾ ಇರೋರು ಹಾಕಿಕೊಳ್ಳಲಿ. ಉಳಿದವರು ಪಟ್ಟಿ ತೆಗೆಯೋಕೆ ಬರೋ ಥರದ್ದು ನೋಡಲಿ. ಮಣಿಕಟ್ಟಿನ ಬೆಲ್ಟ್ ಪೂರ್ತಿ ಸುತ್ತು ಬರೋದು ಒಳ್ಳೇದು, ಮಳೆಯಲ್ಲಿ ಎಲಾಸ್ಟಿಕ್ ಸಡಿಲ ಆದರೂ ಹಿಡಿದಿರುತ್ತೆ. ವೆಲ್ಕ್ರೋಗೆ ಹುಲ್ಲು, ನೂಲು ಸಿಕ್ಕಿಕೊಂಡಿದ್ದರೆ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತೆಗೀರಿ, ಅಂಗೈಗೆ ಬ್ರಷ್ ತಾಗಿಸದೆ. ಬೆಲ್ಟ್ ಬಿಗಿ ಮಾಡೋದಿದ್ದರೆ ಚೆಂಡು ಹೊರಗೆ ಹೋದಾಗಲೇ ಮಾಡಿಕೊಳ್ಳಿ. 2025-26ರ ಸೀಸನ್‌ನಿಂದ ಕೀಪರ್ 8 ಸೆಕೆಂಡ್‌ಗಿಂತ ಜಾಸ್ತಿ ಚೆಂಡು ಕೈಯಲ್ಲಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡ್ ರೆಫ್ರಿ ಬೆರಳೆತ್ತಿ ಎಣಿಸ್ತಾರೆ.

ಗ್ಲೌಸ್ ಬೈಯೋ ಮುಂಚೆ ಚೆಂಡನ್ನೂ ನೋಡಬೇಕು. ನಿಯಮದ ಪ್ರಕಾರ ಸುತ್ತಳತೆ 68ರಿಂದ 70 ಸೆಂ.ಮೀ., ತೂಕ ಆಟದ ಶುರುವಿನಲ್ಲಿ 410ರಿಂದ 450 ಗ್ರಾಂ, ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ. ನಮ್ಮ ಕಡೆ ಸೈಕಲ್ ಪಂಪ್ ಹಾಕಿ ಬೆರಳಲ್ಲಿ ಒತ್ತಿ ನೋಡಿ ‘ಸಾಕು’ ಅನ್ನೋದೇ ಅಳತೆ. ಕಲ್ಲಿನ ಹಾಗೆ ಗಾಳಿ ತುಂಬಿದ ರಬ್ಬರ್ ಚೆಂಡು ಯಾವ ಲೇಟೆಕ್ಸ್‌ನಿಂದಲೂ ಚಿಮ್ಮುತ್ತೆ. ಸಾವಿರ ರೂಪಾಯಿಯೊಳಗೆ ಒತ್ತಡ ನೋಡೋ ಗೇಜ್ ಸಿಗುತ್ತೆ, ಒಂದು ಕ್ಲಬ್‌ಗೆ ಒಂದು ಸಾಕು. ಗ್ಲೌಸ್‌ಗೆ ಮೂರು ಸಾವಿರ ಹಾಕೋ ತಂಡ ಮೊದಲು ಅದನ್ನ ತಗೊಳ್ಳಲಿ.

ಇನ್ನು ಫಾರ್ಮ್. ಹಿಡಿತ ಒಳ್ಳೇದಿದ್ದ ಮಾತ್ರಕ್ಕೆ ಕೈ ತಪ್ಪಲ್ಲ ಅಂತೇನಿಲ್ಲ. 2010ರ ವಿಶ್ವಕಪ್‌ನಲ್ಲಿ ಅಮೆರಿಕದ ಕ್ಲಿಂಟ್ ಡೆಂಪ್ಸಿ ಹೊಡೆದ ಸಾಧಾರಣ ಹೊಡೆತ ಇಂಗ್ಲೆಂಡಿನ ರಾಬರ್ಟ್ ಗ್ರೀನ್ ಕೈಗೆ ತಾಗಿ ಗೆರೆ ದಾಟಿತು. 2018ರಲ್ಲಿ ಸ್ಪೇನ್-ಪೋರ್ಚುಗಲ್ 3-3 ಮ್ಯಾಚ್‌ನಲ್ಲಿ ರೊನಾಲ್ಡೊ ಹೊಡೆತ ದಾವಿದ್ ದೆ ಹೇಯ ಕೈಯಿಂದ ಜಾರಿತು. ಇವರಿಬ್ಬರೂ ದುಡ್ಡಿಗೆ ಸಿಗೋ ಅತಿ ಒಳ್ಳೆ ಗ್ಲೌಸ್ ಹಾಕೋ ಮಟ್ಟದ ಕೀಪರ್‌ಗಳು. ಅದೇ ವರ್ಷ ಮೇ 26ರಂದು ಕೀವ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಲಿವರ್‌ಪೂಲ್‌ನ ಲೋರಿಸ್ ಕಾರಿಯಸ್ ಎಸೆದ ಚೆಂಡು ಬೆಂಜೆಮಾ ಕಾಲಿಗೆ ತಾಗಿ ಗೋಲು, 83ನೇ ನಿಮಿಷಕ್ಕೆ ಗ್ಯಾರೆತ್ ಬೇಲ್ ದೂರದಿಂದ ಹೊಡೆದದ್ದು ಕೈ ಮೂಲಕವೇ ಒಳಗೆ. ರಿಯಲ್ ಮ್ಯಾಡ್ರಿಡ್ 3-1. ರಾತ್ರೋರಾತ್ರಿ ಮಾಧ್ಯಮ ಆ ಹುಡುಗನ ವೃತ್ತಿಯನ್ನೇ ಮುಗಿಸಿ ಬರೆಯಿತು, ಕೊಲೆ ಬೆದರಿಕೆಗಳೂ ಬಂದವು. ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಆಮೇಲೆ ಪರೀಕ್ಷಿಸಿ, ಆ ಮ್ಯಾಚ್‌ನಲ್ಲಿ ತಲೆಗೆ ಪೆಟ್ಟಾಗಿ ಕನ್ಕಷನ್ (ಮೆದುಳಿಗೆ ಆಘಾತ) ಆಗಿತ್ತು, ಕಣ್ಣಿನಿಂದ ದೂರ ಅಳೆಯೋ ಶಕ್ತಿಗೆ ಅದರಿಂದ ತೊಂದರೆ ಆಗಿರೋ ಸಾಧ್ಯತೆ ಇದೆ ಅಂತ ಹೇಳಿದರು. ಅಷ್ಟು ಹೊತ್ತಿಗೆ ಬೈಯೋರು ಬೈದು ಮುಗಿಸಿದ್ದರು. ಬ್ರೆಜಿಲ್‌ನ ಕೀಪರ್ ಬಾರ್ಬೋಸಾ 1950ರ ಜುಲೈ 16ರಂದು ಮಾರಕಾನಾ ಮೈದಾನದಲ್ಲಿ, ವಿಶ್ವಕಪ್ ಕೈತಪ್ಪಿದ ಮ್ಯಾಚ್‌ನಲ್ಲಿ, ಉರುಗ್ವೆಯ ಘಿಗ್ಗಿಯಾಗೆ ಬಿಟ್ಟ ಒಂದು ಗೋಲಿನ ಹೊರೆಯನ್ನ 2000ದಲ್ಲಿ ತೀರಿಕೊಳ್ಳೋವರೆಗೂ ಹೊತ್ತರು. ಸ್ಟ್ರೈಕರ್ ಹತ್ತು ಅವಕಾಶ ಕಳೆದು ಒಂದು ಗೋಲು ಹೊಡೆದರೆ ಹೂಮಾಲೆ, ಕೀಪರ್ ಒಂಬತ್ತು ತಡೆದು ಒಂದು ಬಿಟ್ಟರೆ ಅದೊಂದೇ ಲೆಕ್ಕ. ಪೇಪರ್‌ನಲ್ಲಿ ಹತ್ತಕ್ಕೆ ನಾಲ್ಕು ಅಂಕ ಕೊಡೋರು ಆ ಒಂದು ಹೊಡೆತ ಎಷ್ಟು ಕಷ್ಟದ್ದಿತ್ತು ಅಂತಾದರೂ ಬರೆಯಬೇಕು. ಅದನ್ನ ಅಳೆಯೋ ಲೆಕ್ಕ ಈಗ ಇದೆ: ಗುರಿಗೆ ಬಂದ ಪ್ರತಿ ಹೊಡೆತ ಗೋಲಾಗೋ ಸಾಧ್ಯತೆ ಕೂಡಿ, ಬಿಟ್ಟ ಗೋಲನ್ನ ಅದರಿಂದ ಕಳೆಯೋದು. ಒಂದು ಮ್ಯಾಚ್‌ಗೆ ಆ ಅಂಕಿ ನಂಬಬಾರದು, ಒಂದು ಸೀಸನ್‌ಗೆ ನಂಬಬಹುದು.

ನಿಮ್ಮ ತಂಡದ ಕೀಪರ್ ಸತತ ಗೋಲು ಬಿಡ್ತಿದ್ದರೆ ಗ್ಲೌಸ್ ಅಂಗಡಿಗೆ ಹೋಗೋ ಮುಂಚೆ ಎರಡು ಪರೀಕ್ಷೆ ಮಾಡಿ. ಮೊದಲನೇದು ಕೈಯದು. ಎಂಟು ಮೀಟರ್ ದೂರದಿಂದ ಎದೆಗೆ, ಮುಖದ ಎತ್ತರಕ್ಕೆ, ಮೊಣಕಾಲಿಗೆ ಅಂತ ಇಪ್ಪತ್ತು ಚೆಂಡು ನೇರ ಒದೀರಿ, ಹಳೇ ಗ್ಲೌಸ್‌ನಲ್ಲೇ. ಎದೆಗಿಂತ ಮೇಲಿನದಕ್ಕೆ ಎರಡೂ ಹೆಬ್ಬೆರಳು ಹತ್ತಿರ, ಬೆರಳು ಅಗಲ. ಕೆಳಗಿನದಕ್ಕೆ ಕಿರುಬೆರಳು ಹತ್ತಿರ, ಮೊರದಲ್ಲಿ ಬಾಚಿಕೊಂಡ ಹಾಗೆ ಎದೆಗೆ. ಮೂರಕ್ಕಿಂತ ಜಾಸ್ತಿ ಕೈಬಿಟ್ಟರೆ ಕೈಯ ಕೆಲಸ ಇದೆ. ಆಗ ಮಾತ್ರ ಹೊಸ ಗ್ಲೌಸ್ ಹಾಕಿ ಅದೇ ಇಪ್ಪತ್ತು ಮತ್ತೆ ಮಾಡಿ. ವ್ಯತ್ಯಾಸ ಕಂಡರೆ ಸಮಸ್ಯೆ ಗ್ಲೌಸ್‌ದು, ಕಾಣದಿದ್ದರೆ ಕೈ ಇಡೋ ರೀತಿಯದು.

ಎರಡನೇದು ಕಾಲಿನದು, ಮುಖ್ಯವಾದದ್ದು. ಗೋಲಿನ ಹಿಂದೆ, ಸ್ವಲ್ಪ ಪಕ್ಕಕ್ಕೆ, ಒಂದು ಫೋನ್ ನಿಲ್ಲಿಸಿ ಕೀಪರ್ ಪೂರ್ತಿ ಕಾಣೋ ಹಾಗೆ ಇಡೀ ಮ್ಯಾಚ್ ರೆಕಾರ್ಡ್ ಮಾಡಿ. ಪ್ರತಿ ಹೊಡೆತಕ್ಕೂ ಎದುರಾಳಿಯ ಕಾಲು ಚೆಂಡಿಗೆ ತಾಗಿದ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ. ಆ ಕ್ಷಣ ಕೀಪರ್‌ನ ಎರಡೂ ಪಾದ ನೆಲದ ಮೇಲಿದೆಯಾ, ಭುಜದಷ್ಟು ಅಗಲ ಇದೆಯಾ, ಭಾರ ಮುಂಗಾಲಿನ ಮೇಲಿದೆಯಾ, ಕೈ ಸೊಂಟದ ಮಟ್ಟದಲ್ಲಿ ಮುಂದಿದೆಯಾ ನೋಡಿ. ಫಾರ್ಮ್ ಹೋದ ಕೀಪರ್‌ಗಳಲ್ಲಿ ಬಹಳ ಸಲ ಕಾಣೋದು, ಆ ಕ್ಷಣಕ್ಕೆ ಒಂದು ಕಾಲು ಗಾಳಿಯಲ್ಲಿರುತ್ತೆ. ಇನ್ನೂ ಹೆಜ್ಜೆ ಹಾಕ್ತಾ ಇರ್ತಾನೆ. ಆ ಕಾಲು ಇಳಿದು ಮತ್ತೆ ಒದೆಯೋವಷ್ಟರಲ್ಲಿ ಚೆಂಡು ಅರ್ಧ ದಾರಿ ಬಂದಿರುತ್ತೆ, ಬೆರಳ ತುದಿಗಷ್ಟೇ ಸಿಗುತ್ತೆ. 7.32 ಮೀಟರ್ ಅಗಲದ ಗೋಲಿನಲ್ಲಿ ಆ ಅರ್ಧ ಹೆಜ್ಜೆಯೇ ಗೋಲು. ಬೈಗುಳ ಕೇಳಿ ಕೇಳಿ ಹೆದರಿದ ಕೀಪರ್ ಇನ್ನೂ ಗೆರೆಗೆ ಅಂಟಿಕೊಳ್ತಾನೆ, ಇಲ್ಲವೇ ಏನೋ ಮಾಡಿ ತೋರಿಸೋಕೆ ಬೇಗ ಹೊರಗೆ ಓಡ್ತಾನೆ. ಎರಡೂ ಲೆಕ್ಕ ತಪ್ಪಿಸುತ್ತೆ. ಮಾಧ್ಯಮದ ಟೀಕೆಯಿಂದ ಆಗೋ ನಿಜವಾದ ಹಾನಿ ಇದೇ. ಅದು ಕೈಗೆ ತಾಗೋದಕ್ಕಿಂತ ಮೊದಲು ಕಾಲಿಗೆ ತಾಗುತ್ತೆ.

ಇದಕ್ಕೆ ಅಭ್ಯಾಸ ಗ್ಲೌಸೇ ಬೇಡದ ಅಭ್ಯಾಸ. ಒಬ್ಬರು ಬಾಕ್ಸ್ ಅಂಚಿನಲ್ಲಿ ಚೆಂಡು ತಳ್ಳಿಕೊಂಡು ಬರಲಿ, ಕೀಪರ್ ಸಣ್ಣ ಹೆಜ್ಜೆಯಲ್ಲಿ ಪಕ್ಕಕ್ಕೆ ಸರಿಯಲಿ, ಅವರು ಕಾಲು ಹಿಂದಕ್ಕೆ ಎಳೆದ ಕೂಡಲೇ ಕೀಪರ್ ಸಣ್ಣಗೆ ಜಿಗಿದು ಎರಡೂ ಪಾದ ಊರಿ ನಿಲ್ಲಲಿ. ಹತ್ತು ಸಲ ಒದೆಯದೆ ಬರೀ ಒದೆಯೋ ಹಾಗೆ ತೋರಿಸಿ, ಆಮೇಲೆ ಹತ್ತು ಸಲ ಒದೀರಿ. ವಾರಕ್ಕೆ ಮೂರು ದಿನ, ಕಾಲು ಗಂಟೆ. ಮೂರನೇ ವಾರ ಮತ್ತೆ ಫೋನ್ ಇಟ್ಟು ನೋಡಿ.

ಕೊಳ್ಳೋದೇ ಆದರೆ ಕೊನೆಗೆ ಎರಡು ಮಾತು. ಅಂಗಡಿಯಲ್ಲಿ ಪ್ಯಾಕ್ ತೆಗೆದು ಎರಡೂ ಕೈ ಹಾಕಿ ನೋಡೋಕೆ ಬಿಡದಿದ್ದರೆ ತಗೋಬೇಡಿ. ಹಾಕಿದ ಮೇಲೆ ಹೆಬ್ಬೆರಳ ಬುಡದ ಹೊಲಿಗೆಯನ್ನ ಬೆಳಕಿಗೆ ಹಿಡಿದು ಎಳೆದು ನೋಡಿ, ದಾರದ ನಡುವೆ ಬೆಳಕು ಕಂಡರೆ ಬೇರೆ ಜೋಡಿ ಕೇಳಿ, ಇದು ಮೊದಲು ಬಿಡೋದು ಅಲ್ಲೇ. ಮತ್ತೆ ಅದೇ ಬಿಲ್ಲಿನಲ್ಲಿ ಐನೂರರ ಗಟ್ಟಿ ಅಂಗೈಯ ಇನ್ನೊಂದು ಜೋಡಿ ಹಾಕಿಸಿ. ಪ್ರಾಕ್ಟೀಸ್, ಮಣ್ಣು, ಕಣ ಎಲ್ಲ ಅದಕ್ಕೆ. ಮೂರು ಸಾವಿರದ್ದು ಭಾನುವಾರದ ಮ್ಯಾಚ್‌ಗೆ ಮಾತ್ರ ಬ್ಯಾಗಿನಿಂದ ಹೊರಗೆ ಬರಲಿ.